ಹಳೇ ಮೀಟರಿನ ಕಡೇ ಅಂಕಿ

ಜಲಾಲನ ಅಬ್ಬಾಗೆ,

ತಂಗಿಗೆ ಹೆರಿಗೆಯಾಯಿತಂತೆ, ಗಂಡು ಮಗು. ಜಲಾಲನನ್ನೂ ಕರೆದುಕೊಂಡು ಮದ್ದೂರಿಗೆ ಹೊರಟೆ. ಸಾರು ಒಲೆ ಮೇಲಿದೆ, ಬಿಸಿ ಮಾಡಿಕೊಂಡೇ ಉಣ್ಣಿ.

ಮಧ್ಯಾಹ್ನ ಕರೆಂಟಿನವರು ಅಡುಗೆಮನೆಯ ಮೀಟರು ಬದಲಾಯಿಸಲು ಬರುತ್ತಾರೆ. ಬಾಡಿಗೆ ಮನೆಗಳಲ್ಲಿ ಇನ್ನು ಮೀಟರು ಜಗುಲಿಯಲ್ಲೇ ಇರಬೇಕಂತೆ. ಹಳೆಯದನ್ನು ಬಿಚ್ಚುವ ಮುಂಚೆ ಅದರ ಅಂಕಿ ಬರೆದು, ಬಾಡಿಗೆಗಿರುವವರ ರುಜು ಹಾಕಿಸಬೇಕಂತೆ. ಮನೆ ಮಾಲೀಕರು ಮರಿಯಯ್ಯನವರು ಒಪ್ಪಿ ಹೋದರು. ನೀವು ಮಾತ್ರ ಸೀಲು ಮುಟ್ಟಬೇಡಿ. ಫ್ಯಾಕ್ಟರಿಯಲ್ಲಿ ರಾತ್ರಿಯಿಡೀ ಮಿಷಿನು ಬಿಚ್ಚುವುದು ಸಾಲದೇ?

“ಇನ್ಮೇಲೆ ಪರದೆ ಇಂದ್ಗಡೆ ನಿಂತು ಅಂಕಿ ಕೂಗೋದು ತಪ್ತು ಬುಡಮ್ಮ,” ಅಂದರು ಮರಿಯಯ್ಯ. ನಿಜ, ತಿಂಗಳಿಗೊಂದು ರೊಟ್ಟಿ ಸೀಯುವುದೂ ತಪ್ಪಿತು. ಆದರೂ ಮೂರು ವರ್ಷ ಮೀಟರು ನೋಡಲು ಬರುವವರು ಒಳಗೆ ಕಾಲಿಡದೆ, ನಾನು ಓದಿದ್ದನ್ನೇ ಬರೆದುಕೊಂಡು ಹೋದರು. ಒಂದು ಸಲವೂ “ಸರಿಯಾಗಿ ನೋಡಮ್ಮ” ಅನ್ನಲಿಲ್ಲ. ನೀವೋ, ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೂ ನೆಕ್ಕಿ ನೋಡಿಯೇ ನಂಬುವವರು.

ಬೆಳಿಗ್ಗೆ, ಅಂಕಿ ಮುಂದೆ ಓಡದಿರಲೆಂದು ದೀಪವೆಲ್ಲ ಆರಿಸಿ ಓದಿದ್ದೇನೆ. ಅಂಕಿ ೭೪೬. ಅವರು ಬಂದಾಗ ಇದನ್ನೇ ಹೇಳಿ.

ನೋಡದೆ ರುಜು ಹಾಕಿ.

ಫಕ್ರುನ್ನೀಸಾ