ಒಡೆಯದ ಗೂಟದ ಪ್ಯಾಕೆಟ್

ಆಶಿತಳ ಪಪ್ಪನಿಗೆ,

ನಾನೂ ಮಗಳೂ ಟೆಂಟ್ ತೆಗೆದುಕೊಂಡು ಯಿತಿ ಅನ್ನುವ ಊರಿನ ಕಡಲ ಬದಿಗೆ ಹೋಗ್ತಿದ್ದೇವೆ. ನಾಳೆ ಶುಕ್ರವಾರ ಸಂಜೆ ವಾಪಸ್ ಬರ್ತೇವೆ. ಕಾರು ನಾನೇ ಬಿಡುವುದು. ಲೈಸೆನ್ಸ್ ಮಾಡಿಸಿದ್ದು ಕಪಾಟಿನಲ್ಲಿಟ್ಟು ಪೂಜೆ ಮಾಡ್ಲಿಕ್ಕಲ್ಲ.

ಬಂಗುಡೆ ಪುಳಿಮುಂಚಿ ಫ್ರಿಜ್ಜಿನಲ್ಲಿ ಉಂಟು, ಅನ್ನ ನೀವೇ ಇಡಿ. ಬಾಲ್ಕನಿಯ ಕರಿಬೇವಿಗೆ ನೀರು ಹಾಕಿ.

ಹೆಂಗಸರಿಗೆಲ್ಲ ಕ್ಯಾಂಪು ಆಗುವುದಿಲ್ಲ ಅಂತ ಮೂರು ವರ್ಷ ಹೇಳಿದ್ರಿ. ನೀವು, ನಿಮ್ಮ ದೋಸ್ತಿ ಕೊಗ್ಗಣ್ಣ ಮಾತ್ರ ತಿಂಗಳಿಗೊಮ್ಮೆ ಹೋದ್ರಿ, ಅದೂ ಹೋಟೆಲಿನ ಬಾರಿಗೆ ನಡೆದು ಹೋಗುವಷ್ಟು ಹತ್ತಿರಕ್ಕೆ. ಮರಳಲ್ಲಿ ಮಲಗಿ ಸೊಂಟ ಹಿಡೀತು ಅಂದಾಗೆಲ್ಲ ನಾನು ಎಣ್ಣೆ ತಿಕ್ಕಿದ್ದೇನೆ. ನಿನ್ನೆ ಟೆಂಟ್ ಬಿಚ್ಚಿ ನೋಡಿದ್ರೆ ಗೂಟದ ಪ್ಯಾಕೆಟ್ ಇನ್ನೂ ಒಡೆದೇ ಇಲ್ಲ. ಗೂಟ ಇಲ್ಲದೆ ಟೆಂಟ್ ಹೇಗೆ ನಿಂತಿತು ಅಂತ ನಾನು ಕೇಳುವುದಿಲ್ಲ. ಪ್ಯಾಕೆಟ್ ನಾನೇ ಒಡೆದೆ.

ಬರುವುದಾದ್ರೆ ಕೊಗ್ಗಣ್ಣನ ಗಾಡಿಯಲ್ಲಿ ಬನ್ನಿ. ಊರಿನ ಅಂಗಡಿ ಹತ್ತಿರ ಇಳಿದು ಕಡಲಿನ ಕಡೆಗೆ ಹತ್ತು ನಿಮಿಷ ನಡೀಬೇಕು. ಆ ದಾರಿಯ ಕೊನೆಗೆ ಬಾರ್ ಇಲ್ಲ. ಆದ್ರೂ ಅಷ್ಟು ದೂರ ನಿಮಗೆ ನಡೀಲಿಕ್ಕೆ ಆಗ್ತದಾ ಅಂತ ನಾವಿಬ್ಬರೂ ಕೂತು ನೋಡ್ತೇವೆ.

ಲೋಲಾಕ್ಷಿ