ಇನ್ಸ್‌ಪೆಕ್ಟರ್‌ಗಿಂತ ಮೊದಲು ಉಕ್ಕಿದ ಹಾಲು

ಮುಐದರ್, ಕತಾರ್
24 ಜನವರಿ 2025, ಶುಕ್ರವಾರ

ಪ್ರೀತಿಯ ಅಮ್ಮನಿಗೆ ನಿನ್ನ ಹಠಮಾರಿ ಗ್ರೀಷ್ಮಾಳ ನಮಸ್ಕಾರ.

ಮನೆ ಸಿಕ್ಕಿತು. ಅದನ್ನೇ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೀನು ಎಲ್ಲ ದೈವಗಳಿಗೂ ಹರಕೆ ಹೇಳಿ ಮುಗಿಸಿರುತ್ತಿ. ಅಲ್ ಗರಾಫಾದಲ್ಲಿ, ಎರಡನೇ ಮಹಡಿ, ಎರಡು ಕೋಣೆ, ನಮ್ಮದೇ ಬಾಗಿಲು. ಮೂವರಿಗೆ ಎರಡು ಕೋಣೆ ಯಾಕೆ ಎಂದು ಕೇಳಬೇಡ, ಅದಕ್ಕೆ ಆಮೇಲೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅರ್ಧ ಕೇಳಿ ನೀನು ಅಳುತ್ತಿ, ಉಳಿದರ್ಧ ನಿನ್ನ ಮೊಮ್ಮಗಳು ಪ್ರಾಪ್ತಿ ಕೇಳಿಸಿಕೊಂಡು ಶಾಲೆಯಿಡೀ ಹೇಳಿ ಬರುತ್ತಾಳೆ. ನಮ್ಮ ಆಫೀಸಿನ ರೋಸ್‌ಮೇರಿ ನಾಳೆ ರಜೆಗೆ ಶಿರ್ವಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ನಮ್ಮ ಗಲ್ಫ್ ಸಂಸಾರ ನಿನಗೆ ಗೊತ್ತೇ ಇದೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ. ಆದರೆ ಯಜ್ಞೇಶ್ ಅವರ ಮಂಚ ಅವರ ಕಂಪನಿಯ ಕ್ಯಾಂಪಿನಲ್ಲಿ, ನನ್ನದು ಈ ವಿಲ್ಲಾದಲ್ಲಿ, ಪ್ಲೈವುಡ್ ಗೋಡೆಯ ಆಚೆ ಈಚೆ ಮಲಗುವ ಹೆಂಗಸರ ನಡುವೆ. ಶುಕ್ರವಾರ ಪಾರ್ಕಿನ ಬೆಂಚಿನಲ್ಲಿ ನಮ್ಮ ಸಂಸಾರ. ಗಂಡ ಹೆಂಡತಿಗೇ ಜಾಗವಿಲ್ಲದ ಮೇಲೆ ಮಗಳನ್ನು ಕರೆಸುವುದೆಲ್ಲಿಗೆ? ಮನೆಯ ಕರಾರುಪತ್ರ ಇಲ್ಲದೆ ಅವಳ ವೀಸಾದ ಮಾತೇ ಎತ್ತುವಂತಿರಲಿಲ್ಲ.

ಕಡಿಮೆ ಸಂಬಳದವರಿಗೆ ನಮ್ಮ ಕಂಪನಿ ಬಾಡಿಗೆ ವೋಚರ್ ಕೊಡುತ್ತದೆ ಎಂದಾಗ, ದುಡ್ಡು ಕೈಗೇ ಬರುತ್ತದಾ ಎಂದು ನೀನು ಕೇಳಿದ್ದೆ. ಇಲ್ಲಮ್ಮ. ಮನೆ ಹುಡುಕುವುದು ನಮ್ಮ ಪಾಡು. ನಮ್ಮ ಸಂಬಳದ ಒಂದು ಪಾಲು ನಾವು ಕೊಡಬೇಕು, ಉಳಿದ ಬಾಡಿಗೆಯನ್ನು ಕಂಪನಿ ತಿಂಗಳು ತಿಂಗಳು ನೇರವಾಗಿ ಮಾಲೀಕರ ಖಾತೆಗೆ ಹಾಕುತ್ತದೆ. ಕುಟುಂಬದ ತಲೆ ಎಣಿಸಿ ಕೋಣೆ ಕೊಡುತ್ತಾರೆ. ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕದೆ ಒಂದು ರಿಯಾಲೂ ಹೊರಡುವುದಿಲ್ಲ. ಅವರ ಸಹಿಗೆ ಮೊದಲು ನಾವು ಆ ಮನೆಯಲ್ಲಿ ವಾಸ ಶುರುಮಾಡಿರಲೂ ಬಾರದು. ಜನವರಿ ಮುಗಿಯುವುದರೊಳಗೆ ಇದೆಲ್ಲ ಆಗದಿದ್ದರೆ ವೋಚರ್ ರದ್ದು.

ಕೇಳಲು ಸುಲಭ. ಆದರೆ ಇಲ್ಲಿನ ಮಾಲೀಕರಿಗೆ ಇಡೀ ವರ್ಷದ ಚೆಕ್‌ಗಳು ಮುಂಗಡವಾಗಿ ಕೈಗೆ ಬಂದು ಅಭ್ಯಾಸ. ಕಂಪನಿ ತಿಂಗಳು ತಿಂಗಳು ಕೊಡುತ್ತದೆ ಎಂದ ಕೂಡಲೇ ಮುಖ ಸಣ್ಣದಾಗುತ್ತಿತ್ತು. ವೋಚರಾ, ಮಾಫಿ ಮಾಫಿ, ಅಂದರೆ ಇಲ್ಲ ಇಲ್ಲ, ಎಂದು ಬಾಗಿಲು ಹಾಕಿದವರೇ ಹೆಚ್ಚು. ಡಿಸೆಂಬರ್ ಕಳೆಯುವಾಗ ನನ್ನ ಧೈರ್ಯವೂ ಕಳೆದಿತ್ತು. ಮನೆ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಬರುವುದೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಯಾಕೆಂದು ನಿನ್ನ ಅಳಿಯನಿಗೂ ಹೇಳಿರಲಿಲ್ಲ.

ಕೊನೆಗೆ ಅಲ್ ಗರಾಫಾದ ಈ ಮನೆಯವರು ಒಪ್ಪಿದರು. ಬಿಲ್ಡಿಂಗ್ ನೋಡಿಕೊಳ್ಳುವ ಮನುಷ್ಯ, ಅಳತೆ ತೆಗೆದುಕೊಳ್ಳಿ ಎಂದು ಬೀಗದ ಕೈಯನ್ನು ಎರಡು ದಿನದ ಮಟ್ಟಿಗೆ ಕೊಟ್ಟ. ಇನ್ಸ್‌ಪೆಕ್ಷನ್ ಗುರುವಾರ. ಹಾಲು ಉಕ್ಕಿಸಲು ನೀನು ಭಟ್ರ ಹತ್ತಿರ ಕೇಳಿ ಫೋನಿನಲ್ಲಿ ಹೇಳಿದ್ದು ಬುಧವಾರ: ಸಂಕ್ರಾಂತಿ ಕಳೆದು ಮರುದಿನ, ಬೆಳಿಗ್ಗೆ ಒಳ್ಳೆಯ ಮುಹೂರ್ತ, ಅದು ಬಿಟ್ಟರೆ ಈ ತಿಂಗಳು ಇಲ್ಲ. ಹಾಲು ಉಕ್ಕಿಸುವುದು ವಾಸ ಹೇಗಾದೀತು ಎಂದು ನಾನೂ ನನಗೇ ಸಮಾಧಾನ ಹೇಳಿಕೊಂಡೆ. ಹೊಸಿಲ ಮುಂದೆ ಒಂದು ಸಣ್ಣ ರಂಗೋಲಿ, ಕರೆಂಟ್ ಒಲೆಯ ಮೇಲೆ ಹೊಸ ಪಾತ್ರೆ. ಹಾಲು ಉಕ್ಕಿ ಸುರಿದದ್ದೇ ತಡ, ಒಲೆಯ ಹಿಂದಿನ ಸ್ವಿಚ್ಚಿನಲ್ಲಿ ಕಿಡಿ ಹಾರಿ ಅಡುಗೆಮನೆಯ ಕರೆಂಟೇ ಹೋಯಿತು. ಬಿಲ್ಡಿಂಗಿನವನು ಬಂದು, ಎಲ್ಲ ನಿಮ್ಮ ಹಾಲಿನಿಂದ ಆದದ್ದು, ಇನ್ಸ್‌ಪೆಕ್ಟರ್ ಹತ್ತಿರ ಬಾಯಿ ಬಿಡಬೇಡಿ ಎಂದು ಹೆದರಿಸಿ ಹೋದ. ಒಲೆ ಒರೆಸಿದೆ, ರಂಗೋಲಿ ಅಳಿಸಿದೆ. ಕರಟಿದ ಹಾಲಿನ ಕಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವತ್ತು ನಿನ್ನನ್ನು, ಭಟ್ರನ್ನು ಒಟ್ಟಿಗೆ ಬೈದುಕೊಂಡೆ.

ಇನ್ಸ್‌ಪೆಕ್ಟರ್ ಉಪ್ಪಿನಂಗಡಿ ಕಡೆಯ ಬ್ಯಾರಿ, ರಹ್ಮತ್ ಎಂದು ಹೆಸರು. ಒಲೆಯ ಹತ್ತಿರ ಬಂದವರು ಪೆನ್ನು ನಿಲ್ಲಿಸಿದರು.

"ಇದು ಹಾಲು ಉಕ್ಕಿಸಿದ್ದಲ್ವಾ ಅಕ್ಕ? ನಂಗೆ ಗೊತ್ತುಂಟು. ಆದ್ರೆ ನನ್ನ ಕಾಗದಕ್ಕೆ ಗೊತ್ತಿಲ್ಲ. ವಾಸ ಶುರುವಾಗಿದೆ ಅಂತ ಬರೀಬೇಕಾಗ್ತದೆ."

ಬಿಲ್ಡಿಂಗಿನವನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದರೂ ಮನೆ ಹೋಗುತ್ತದೆ, ಬಾಯಿ ಬಿಟ್ಟರೂ ಹೋಗುತ್ತದೆ. ಹಾಗಿದ್ದ ಮೇಲೆ ಹೇಳಿಯೇ ಹೋಗಲಿ ಎನಿಸಿತು.

"ಇಲ್ಲಿ ಒಂದು ಚಾಪೆ ಉಂಟಾ ನೋಡಿ ಸರ್. ಒಂದು ಲೋಟ ಉಂಟಾ? ಹಾಲು ಕೊಟ್ಟದ್ದು ನಾನು. ಈ ಮನೆ ನಂಗಿನ್ನೂ ಏನೂ ಕೊಡ್ಲಿಲ್ಲ, ಒಂದು ಕಿಡಿ ಬಿಟ್ರೆ."

ಯಾವ ಕಿಡಿ ಎಂದು ಅವರು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ರಹ್ಮತ್ ಒಲೆಯನ್ನು ಎಳೆಸಿ, ಗೋಡೆಯ ಸ್ವಿಚ್ ಬಿಚ್ಚಿಸಿದರು. ಒಳಗಿನ ವಯರು ಕಪ್ಪಾಗಿ ಕರಗಿತ್ತು, ಅಮ್ಮ. ಅದು ಒಂದು ದಿನದ ಕೆಲಸವಲ್ಲ, ಹಳೆಯದು. ಮೇಲೆ ಬಣ್ಣ ಬಳಿದು ಮುಚ್ಚಿದ್ದರು. ನಾಳೆ ಪ್ರಾಪ್ತಿ ಬಂದು ಅದೇ ಗೋಡೆಗೆ ಕೈಯಿಟ್ಟು ನೀರು ಕುಡಿಯುವವಳಿದ್ದಳು ಎಂದು ನೆನೆದು ನನಗೆ ಅಲ್ಲೇ ಅಳು ಬಂತು. ರಹ್ಮತ್ ಬಿಲ್ಡಿಂಗಿನವನ ಕಡೆಗೆ ತಿರುಗಿದಾಗ ಅವನ ಜೋರೆಲ್ಲ ಇಳಿದಿತ್ತು. ವಾಸ ಇಲ್ಲ, ಒಲೆ ಉರಿಸಿದಾಗ ದೋಷ ಕಂಡಿದೆ ಎಂದೇ ಬರೆದರು. ಇಡೀ ಮನೆಯ ವಯರಿಂಗ್ ಮಾಲೀಕರ ಖರ್ಚಿನಲ್ಲಿ ಹೊಸದಾಗಬೇಕು, ಆಮೇಲೆ ಮತ್ತೆ ಬರುತ್ತೇನೆ ಎಂದರು.

ಮಾಲೀಕರು ಹಿಂದೆ ಸರಿಯಬಹುದೆಂದು ಐದಾರು ದಿನ ನನಗೆ ಅನ್ನ ಇಳಿಯಲಿಲ್ಲ. ಆದರೆ ತಪ್ಪದೆ ಬರುವ ಬಾಡಿಗೆಯನ್ನು ಬಿಡಲು ಅವರಿಗೂ ಮನಸ್ಸಾಗಲಿಲ್ಲ. ನಿನ್ನೆ ರಹ್ಮತ್ ಮತ್ತೆ ಬಂದರು. ಯಜ್ಞೇಶ್ ರಜೆ ಹಾಕಿ ಬಂದು, ಟಾರ್ಚು ಹಿಡಿದು ಅವರ ಹಿಂದೆ ಹಿಂದೆಯೇ ತಿರುಗಿದರು. ಎಲ್ಲ ಪಾಸ್. ಕೊನೆಗೆ ರಹ್ಮತ್ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನನ್ನ ಉತ್ತರ ಕೇಳಿ ನಿನ್ನ ಅಳಿಯನ ಕೈಯಿಂದ ಟಾರ್ಚು ಬಿತ್ತು. ರಹ್ಮತ್ ನಕ್ಕು ಸಹಿ ಹಾಕಿದರು. ಚೆಕ್ ಇಲ್ಲದವರಿಗೆ ಮನೆಯಿಲ್ಲ ಎನ್ನುವ ಈ ಊರಿನಲ್ಲಿ ನಾನು ಬೀಗದ ಕೈ ಹಿಡಿದು ಮೆಟ್ಟಿಲಿಳಿದೆ. ಗೆದ್ದೆ ಅಮ್ಮ. ನಿನ್ನ ಮುಹೂರ್ತ ಗೆದ್ದಿತು ಎಂದು ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಹೇಳಿಕೊಂಡು ಬಾ, ನಾನು ಎದುರಾಡುವುದಿಲ್ಲ.

ಮಾರ್ಚ್ ಕೊನೆಗೆ ಯಜ್ಞೇಶ್ ಬಂದು ಪ್ರಾಪ್ತಿಯನ್ನು ಕರೆತರುತ್ತಾರೆ. ಅವಳ ಹಳೆಯ ಚಾದರವನ್ನು ಒಗೆಯದೆ ಕಳಿಸು. ನಿನ್ನ ವಾಸನೆ ಇಲ್ಲದೆ ಅವಳಿಗೆ ನಿದ್ದೆ ಹತ್ತುವುದಿಲ್ಲ, ನನಗೂ ಅಷ್ಟೇ.

ಬೀಗದ ಕೈಯನ್ನು ದಿಂಬಿನಡಿ ಇಟ್ಟುಕೊಂಡಿರುವ,
ನಿನ್ನ ಮಗಳು
ಗ್ರೀಷ್ಮಾ

ಮರೆತದ್ದಲ್ಲ, ಉಳಿಸಿಕೊಂಡದ್ದು: ಈ ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಎಂದು ರಹ್ಮತ್ ಕೇಳಿದ್ದು. ನಾಲ್ಕು ಎಂದೆ. ಡಾಕ್ಟರ್ ಜುಲೈ ಎಂದಿದ್ದಾರೆ. ಈ ಸಲದ ಬಾಣಂತನ ನನ್ನ ಮನೆಯಲ್ಲಿ. ಜೂನ್‌ನಲ್ಲಿ ನೀನು ಬಾ, ಆ ಎರಡನೇ ಕೋಣೆ ನಿನಗೆ.