ಸಿಪಾಯಿಯ ಪಥ್ಯ

ಪಿರಿಯಾಪಟ್ಟಣ ತಾಲ್ಲೂಕು
ಮಂಗಳವಾರ

ಪ್ರೀತಿಯ ಮಧುಗೆ,

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಸೊಪ್ಪು ಬೇಯಿಸುವ ಬ್ಯಾರನ್ ಇಳಿಸಿದೆವು. ಬೆಂದ ಹೊಗೆಸೊಪ್ಪನ್ನೆಲ್ಲ ಒಳಮನೆಯಲ್ಲಿ ಒಟ್ಟಿ, ಆಳುಗಳಿಗೆ ಊಟ ಬಡಿಸಿ ಕಳಿಸಿದೆ. ಎಷ್ಟು ತೊಳೆದರೂ ಕೈಯ ಘಾಟು ಹೋಗಿಲ್ಲ. ಈ ಕಾಗದಕ್ಕೂ ಹತ್ತಿರಬಹುದು.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸುತ್ತದೆ. ಮಗಳ ಫೋನ್ ಬಂದರೆ ಸಾಕು, ಮಾವ "ಮಧೂನಾ? ಜೋರಾಗಿ ಕೇಳೋ ಅಂಗೆ ಮಡಗು" ಅನ್ನುತ್ತಾರೆ. ಇದು ಅವರ ಎದುರಿಗೆ ಆಡುವ ಮಾತಲ್ಲ. ಪಕ್ಕದ ಮನೆ ದೊಡ್ಡಮಾದಯ್ಯನವರ ಮಗಳು ರಮ್ಯಾ ಗುರುವಾರ ಕೆ.ಆರ್. ನಗರಕ್ಕೆ ಬರುತ್ತಾಳೆ. ಹೊಸ ಅಗ್ರಹಾರದವರೆಗೂ ಬಂದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ.

ಮಾವನಿಗೆ ಜ್ವರ ಎಂದು ಹೇಳಿದ್ದೆನಲ್ಲ, ಅದು ಜ್ವರವಲ್ಲ ಮಧು. ಹೋದ ಬುಧವಾರ ಹುಣಸೂರಿನಿಂದ ಬಂದ ಮೇಲೆ ಅವರು ಸರಿಯಾಗಿ ಉಂಡಿಲ್ಲ.

ನಮ್ಮ ನಾಯಿ ಸಿಪಾಯಿ ಬಿದ್ದ ವಿಷಯ ನಿನಗೆ ಗೊತ್ತು. ಬ್ಯಾರನ್ ಮುಂದಿನ ಸೌದೆ ರಾಶಿಯ ಮೇಲಿಂದ ಹಾರಿದ್ದು, ಆಮೇಲೆ ಹಿಂಗಾಲು ಎತ್ತಲಿಲ್ಲ. ಮುಂಗಾಲಿನಿಂದ ಮೈ ಎಳೆದುಕೊಂಡು ನಿಮ್ಮಣ್ಣನ ಬೈಕಿನ ನೆರಳಿಗೆ ಹೋಗಿ ಮಲಗಿತು. ನಿಮ್ಮಣ್ಣ ತೀರಿಹೋದ ಮೇಲೆ ಆ ಬೈಕನ್ನು ಯಾರೂ ಮುಟ್ಟಿಲ್ಲ. ಕಾಡಂಚಿಗೆ ಬಿಟ್ಟು ಬನ್ನಿ ಎಂದವರೂ ಇದ್ದರು. ನಿಮ್ಮಣ್ಣ ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದ ನಾಯಿ. ಹೇಗೆ ಬಿಡಲಿ?

ಹುಣಸೂರಿಗೆ ಬುಧವಾರ ಬುಧವಾರ ಮೈಸೂರಿನಿಂದ ಶರತ್ ಎಂಬ ಪಶುವೈದ್ಯರು ಬರುತ್ತಾರೆ, ಸೂಜಿ ಚಿಕಿತ್ಸೆಗೆ ಹೆಸರಾದವರು. ಎಕ್ಸ್‌ರೇ ನೋಡಿ, ಬೆನ್ನುಮೂಳೆಯ ಸಂದಿನಲ್ಲಿ ಬಿಲ್ಲೆ ಜಾರಿ ನರ ಒತ್ತಿದೆ ಎಂದರು. ಊತ ಇಳಿಯಲು ಮಾತ್ರೆ, ಓಡಾಡದಂತೆ ಕಟ್ಟಿಹಾಕುವುದು, ಜೊತೆಗೆ ಅಕ್ಯುಪಂಕ್ಚರ್. ಅಂದರೆ ಕೂದಲಿನಷ್ಟು ಸಣ್ಣ ಸೂಜಿಗಳನ್ನು ಬೆನ್ನಿಗೆ, ತೊಡೆಗೆ, ಕಾಲ್ಬೆರಳ ಸಂದಿಗೆ ಚುಚ್ಚಿ ಸ್ವಲ್ಪ ಹೊತ್ತು ಬಿಡುವುದು. ಇದರಿಂದ ನೋವು ತಗ್ಗುತ್ತದೆ, ಕೆಲವು ನಾಯಿಗಳು ಬೇಗ ಚೇತರಿಸಿಕೊಳ್ಳುತ್ತವೆ, ಎದ್ದೇ ಏಳುತ್ತದೆ ಎಂದು ಮಾತು ಕೊಡಲಾರೆ ಎಂದರು. ಮಾತು ಕೊಡಲಾರೆ ಎಂದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಅವತ್ತು ನಾವು ಮನೆ ಮುಂದೆ ಆಟೋ ಹತ್ತುವಾಗಲೇ ದೊಡ್ಡಮಾದಯ್ಯನವರು, "ಏನ್ ಚಾಮಣ್ಣ, ನಾಯಿಗೆ ಕೌದಿ ಹೊಲ್ಸಕ್ಕೆ ಹೊಂಟ್ಯಾ?" ಎಂದು ನಕ್ಕಿದ್ದರು. ಮಾವ ಬಿಡುತ್ತಾರಾ? "ಊಂ ಕಣ್ಲಾ, ದಾರ ಮಿಕ್ಕುದ್ರೆ ನಿನ್ ಬಾಯ್ಗೂ ಹಾಕುಸ್ಕ ಬತ್ತೀನಿ" ಎಂದರು. ನಿಮ್ಮಣ್ಣ ಹೋದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು.

ಮೊದಲ ಸೂಜಿಗೆ ಸಿಪಾಯಿ ನಡುಗಿತು. ಆಮೇಲೆ ಆಕಳಿಸಿ, ಮಾವನ ಪಾದದ ಮೇಲೆ ಗದ್ದ ಇಟ್ಟು ನಿದ್ದೆ ಹೋಯಿತು. ಮಾವ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. "ಇದು ನಮ್ ಬರೆ ಇದ್ದಂಗೇ ಕಣವ್ವ. ನಾವು ಕಾಯ್ಸಿ ಇಡ್ತೀವಿ, ಇವ್ರು ತಣ್ಣಗೆ ಚುಚ್ತಾರೆ, ಅಷ್ಟೇಯ" ಎಂದರು. ಮನೆಗೆ ಬಂದ ಮೇಲೆ ಸಿಪಾಯಿಯ ಊಟ, ಮಾತ್ರೆ ಎಲ್ಲ ತಾವೇ ನೋಡಿಕೊಳ್ಳುವುದಾಗಿ ಮಾವ ವಹಿಸಿಕೊಂಡರು. ನನಗೂ ಬ್ಯಾರನ್ ಕೆಲಸ ಮೈತುಂಬ ಇತ್ತು. ಹ್ಞೂಂ ಎಂದೆ.

ಅದರ ಮುಂದಿನ ಬುಧವಾರ, ಅಂದರೆ ಹೋದ ವಾರ, ಮತ್ತೆ ಹೋದಾಗ ಸಿಪಾಯಿ ಇನ್ನೂ ಕುಗ್ಗಿತ್ತು. ಬೆನ್ನು ಮುಟ್ಟಿದರೆ ಕಿರುಚುತ್ತಿತ್ತು. ಮಾತ್ರೆ ತಪ್ಪಿಸಿದಿರಾ ಎಂದು ಡಾಕ್ಟರು ಕೇಳಿದರು. ಇಲ್ಲ ಸಾರ್ ಎಂದು ನಾನು ಹೇಳುವಷ್ಟರಲ್ಲಿ ಮಾವ ಎದೆ ಮುಂದೆ ಮಾಡಿ, "ಸೂಜಿ ಹಾಕ್ಸುದ್ ಮ್ಯಾಲೆ ಮಾತ್ರೆ ಯಾಕ್ರೀ? ಪಥ್ಯ ಕೆಟ್ಟೋಗಕಿಲ್ವಾ? ಒಂದೂ ಕೊಟ್ಟಿಲ್ಲ. ಮುದ್ದೆಗೆ ಉಪ್ಪೂ ಹಾಕಿಲ್ಲ ಕಣ್ರೀ" ಎಂದರು.

ಉದಾಸೀನ ಮಾಡಿದ್ದಲ್ಲ ಮಧು, ನಿಷ್ಠೆಯಿಂದ ಮಾಡಿದ್ದು. ಸಿಪಾಯಿಗೆ ಪಥ್ಯವಾದ್ದರಿಂದ ಅವರೂ ಸಪ್ಪೆ ಉಣ್ಣುತ್ತಿದ್ದರು. ಬ್ಯಾರನ್ ಕೆಲಸದ ಗಡಿಬಿಡಿಯಲ್ಲಿ ನನಗೆ ಅದು ಗೊತ್ತೇ ಆಗಿರಲಿಲ್ಲ.

ಡಾಕ್ಟರು ರೇಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ಅಜ್ಜ, ಸೂಜಿ ಮಾತ್ರೆಗೆ ಎದುರಾಳಿ ಅಲ್ಲ, ಜೋಡೆತ್ತು. ಒಂದನ್ನ ಬಿಚ್ಚಿ ಕಳಿಸಿ ಇನ್ನೊಂದರ ಕೈಲಿ ಗಾಡಿ ಎಳೆಸೋಕಾಗುತ್ತಾ?" ಎಂದರು. ಮಾವ ತಲೆಯಾಡಿಸಿದರು. 

ಆಟೋ ಊರು ದಾಟಿದ ಮೇಲೆ ಕೇಳಿದರು. "ವಾಣೀ, ನಟರಾಜುಗೆ ಬರೆ ಹಾಕ್ಸುದ್ ಮ್ಯಾಲೂ ಆಸ್ಪತ್ರೆ ಮಾತ್ರೆ ಕೊಡ್ಬೋದಿತ್ತಾ?"

ನಿಮ್ಮಣ್ಣನಿಗೆ ಕಾಮಾಲೆ ಆದಾಗ, ಆಸ್ಪತ್ರೆ ಔಷಧಿ ನಡೆಯುತ್ತಿರುವಾಗಲೇ, ನಾಟಿ ವೈದ್ಯ ಹುಚ್ಚಯ್ಯನ ಹತ್ತಿರ ಕರೆದುಕೊಂಡು ಹೋಗಿ ಮೊಣಕೈ ಕೆಳಗೆ ಬರೆ ಹಾಕಿಸಿದ್ದು ಮಾವನೇ. ಬರೆ ಆರುವ ತನಕ ಆಸ್ಪತ್ರೆ ಔಷಧಿ ಬಾಯಿಗೆ ಹಾಕಬಾರದು, ಹಾಕಿದರೆ ಮೈಯೆಲ್ಲ ಒಡೆಯುತ್ತದೆ ಎಂದು ಹುಚ್ಚಯ್ಯ ಹೇಳಿದ್ದ. ಮಾವ ಮಗನ ಬಾಗಿಲಲ್ಲಿ ಕೂತು ಆ ಪಥ್ಯ ಕಾದರು. ಕೊನೆಗೆ ಮೈಸೂರಿಗೆ ಹೊತ್ತುಕೊಂಡು ಹೋದಾಗ ದೊಡ್ಡ ಡಾಕ್ಟರು ಏನು ಹೇಳಿದರೆಂದು ನಿನಗೆ, ನನಗೆ ಮಾತ್ರ ಗೊತ್ತು. ಔಷಧಿ ಯಾಕೆ ನಿಲ್ಲಿಸಿದಿರಿ, ನಿಲ್ಲಿಸದಿದ್ದರೆ ಉಳಿಯುತ್ತಿದ್ದರೇನೋ ಎಂದರು.  ಮಾವ ಕೆಳಗೆ ಹಣ್ಣು ತರಲು ಹೋಗಿದ್ದರು.

 ಆಟೋದಲ್ಲಿ ನಾನು ಗಾಳಿಗೆ ಕೇಳಿಸದವಳಂತೆ ಸಿಪಾಯಿಯ ಮೇಲಿನ ಟವೆಲ್ ಸರಿಮಾಡಿದೆ. ಮಾವ ಮತ್ತೆ ಕೇಳಲಿಲ್ಲ. ಅಂದಿನಿಂದ ಸಿಪಾಯಿಯನ್ನು ಮುಟ್ಟುವುದಿಲ್ಲ. ಮಾತ್ರೆ ಕೈಗೆ ಕೊಟ್ಟರೆ, "ನೀನೇ ಕೊಡವ್ವ. ನನ್ ಕೈ ಒಳ್ಳೇದಲ್ಲ" ಎನ್ನುತ್ತಾರೆ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಸಿಪಾಯಿ ಕಟ್ಟಿದ ಹಗ್ಗ ಸಾಲುವಷ್ಟು ದೂರ ಅವರ ಕಡೆಗೇ ತೆವಳಿ ಕುಂಯ್‌ಗುಡುತ್ತದೆ.

ನನ್ನ ಗಂಡನನ್ನು ಕಳೆದದ್ದಕ್ಕೆ ಅವರ ಮೇಲೆ ನನಗೆ ಕೋಪವಿಲ್ಲವೇ ಎಂದು ನೀನು ಕೇಳಬಹುದು. ಇದೆ. ಮುದ್ದೆ ಬಡಿಸುವಾಗ ಕೆಲವು ದಿನ ತಟ್ಟೆ ಕುಕ್ಕಿ ಇಡುವಷ್ಟು ಇದೆ. ಆದರೆ ನಿಜ ಹೇಳಿದರೆ ಈ ಜೀವ ಉಳಿಯುವುದಿಲ್ಲ ಮಧು. ಸುಳ್ಳು ಹೇಳಿದರೆ ನಿಮ್ಮಣ್ಣನಿಗೆ ಏನು ಹೇಳಲಿ? ನೀನು ಮಗಳು. ಒಮ್ಮೆ ಬಂದು ಹೋಗು. ಏನು ಹೇಳಬೇಕೋ ನೀನೇ ಹೇಳು. ನನ್ನ ಕೈಲಿ ಆಗುವುದಿಲ್ಲ.

ಮಕ್ಕಳಿಗೆ ಮುತ್ತು.

ನಿನ್ನ ಅತ್ತಿಗೆ,
ವಾಣಿ

ಮತ್ತೊಂದು ಮಾತು: ಈಗ ಸಂಜೆ. ಕಾಗದ ಮಡಿಸುತ್ತಿದ್ದಾಗ ಮಾವ ಹೊಸಿಲ ಹತ್ತಿರ ಬಂದು ನಿಂತು, "ಅವತ್ತು ಕೇಳ್ದೆ, ನೀನು ಹೇಳ್ನಿಲ್ಲ" ಎಂದರು. ನೀನು ಬರುವವರೆಗೆ ತಡೆಯಲಾಗಲಿಲ್ಲ. "ಇಲ್ಲ ಮಾವ, ಅವರ ಕಾಯಿಲೆಗೆ ಮಾತ್ರೆ ನಾಟುತ್ತಿರಲಿಲ್ಲವಂತೆ, ದೊಡ್ಡ ಡಾಕ್ಟರೇ ಹೇಳಿದರು, ಮಧುವೂ ಕೇಳಿಸಿಕೊಂಡಿದ್ದಾಳೆ" ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ನಂಬಿದರೋ, ನಂಬಿದಂತೆ ಮಾಡಿದರೋ ತಿಳಿಯದು. ಕೈ ಚಾಚಿ ಮಾತ್ರೆ ಈಸಿಕೊಂಡು, ಮುದ್ದೆಯ ಚೂರಿನಲ್ಲಿಟ್ಟು ಸಿಪಾಯಿಗೆ ತಾವೇ ತಿನ್ನಿಸಿದರು. ಉಳಿದ ಮುದ್ದೆಯನ್ನು ಅಲ್ಲೇ ಕೂತು ತಾವು ಉಂಡರು. ನಿನ್ನನ್ನು ಕೇಳಿದರೆ ನೀನೂ ಹಾಗೆಯೇ ಹೇಳು. ಓದಿದ ಮೇಲೆ ಇದನ್ನು ಒಲೆಗೆ ಹಾಕು.

ನಾಳೆ ಬುಧವಾರ. ಆಟೋ ಎಂಟು ಗಂಟೆಗೆ ಬರುತ್ತದೆ, ಮಾವನೂ ಬರುತ್ತಾರೆ.